ಇನ್ಸ್‌ಪೆಕ್ಟರ ದನಿ

ಯುದ್ಧದ ಕಾಲ. ರೇಷನ್ ಅಕ್ಕಿಯಲ್ಲಿ ಅಕ್ಕಿಗಿಂತ ಕಲ್ಲೇ ಹೆಚ್ಚು. ಮಳೆ ಬಿದ್ದರೆ ಕೆಲಮಂಗಲದ ಸುತ್ತಿನ ಹಳ್ಳಿಗಳು ಅಣಬೆ ಹುಡುಕಿಕೊಂಡು ಹೊರಡುತ್ತಿದ್ದವು. ನಾಟ್ರಾಂಪಾಳ್ಯದ ಕಡೆ ಒಂದು ಮನೆಯ ಮಂದಿಯೆಲ್ಲ ಕಾಡಣಬೆ ತಿಂದು ಸತ್ತರೆಂದು ಹೆಲ್ತ್ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದರು. ತಮಟೆ ಹೊಡೆಸಿ, ತಮಿಳು ಬೆರೆತ ಕನ್ನಡದಲ್ಲಿ ಕೂಗಿದರು:

“ಬೆಳ್ಳ ಅಣಬೆ ತಿನ್ನಕೂಡಾದು! ಕುತ್ತಿಗೇಲಿ ಬಳೆ, ಕಾಲಲ್ಲಿ ಬಟ್ಟಲು ಇರುಂದರೆ ವಿಷಂ! ವಾಂತಿ ನಿಂತರೂ ನಂಬಕೂಡಾದು, ಆಸ್ಪತ್ರೆಕ್ಕೆ ವಾ!”

ಸೈಕಲ್ಲು ತಿರುವು ದಾಟುವ ಮೊದಲೇ ಚೆನ್ನಕೇಶವ ಕಟ್ಟೆ ಹತ್ತಿದ್ದ. ಹೊಟ್ಟೆ ಮುಂದೆ ಮಾಡಿ, ಮೂಗಿನಲ್ಲಿ ದನಿ ತೆಗೆದು, ಒಂದಕ್ಷರ ಬಿಡದೆ ಒಪ್ಪಿಸಿದ. ತಾಯಿಯಿಲ್ಲದ ಅವನನ್ನು ಸಾಕಿದ ಅಕ್ಕ ಬೈರಮ್ಮ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಆಮೇಲೆ ಗಂಡ ಎರಡನೆಯ ಮುದ್ದೆಗೆ ಕೈ ಹಾಕಿದರೂ ಹೆಂಡತಿ “ತಿನ್ನಕೂಡಾದು!” ಅನ್ನುವಳು. ಊರು ಅಣಬೆ ಮರೆತು ಅಣಕವನ್ನಷ್ಟೇ ಉಳಿಸಿಕೊಂಡಿತು. ಮಾತು ಪೂರ್ತಿ ನೆನಪಿದ್ದದ್ದು ಅಣಕಿಸಿದವನೊಬ್ಬನಿಗೇ.

ಒಂದು ಮಧ್ಯಾಹ್ನ ಅಕ್ಕನ ಮನೆಗೆ ಹೋದರೆ, ಹಿತ್ತಿಲಲ್ಲಿ ಕೊಯ್ದೆಸೆದ ಅಣಬೆಯ ಬಿಳಿ ಕಾಂಡಗಳು. ಕುತ್ತಿಗೆಯಲ್ಲಿ ಬಳೆ. ಬುಡದಲ್ಲಿ ಬಟ್ಟಲು. ಒಳಗೆ ಬೈರಮ್ಮ ಒಬ್ಬಳೇ ಉಣ್ಣುತ್ತಿದ್ದಳು.

“ಉಗಿಯಕ್ಕಾ! ಇಸ ಕಣಕ್ಕಾ! ಕುತ್ತಿಗೇಲಿ ಬಳೆ, ಕಾಲಲ್ಲಿ ಬಟ್ಟಲು...”

“ಸಾಕು ಕಣ್ಲಾ ಕೇಸವ, ನೆತ್ತಿಗತ್ತದೆ! ಇವತ್ಯಾಕೋ ಮೂಗಲ್ಲಿ ದನಿ ಬರ್ಲಿಲ್ಲ.”

“ಆಟ ಅಲ್ಲಕ್ಕಾ, ನಿನ್ನಾಣೆ!”

“ಆಣೆ ಬೇರೆ! ಅವ್ನೇ ಬಂದಂಗೈತೆ!” ನಗುತ್ತಲೇ ಇನ್ನೊಂದು ತುತ್ತು ನುಂಗಿದಳು.

ಅವನು ತಟ್ಟೆ ಕಿತ್ತೆಸೆದಾಗ ಅರ್ಧ ಖಾಲಿ.

ರಾತ್ರಿ ಶುರುವಾದ ವಾಂತಿಭೇದಿ ಮರುದಿನವೆಲ್ಲ ಹಿಂಡಿ, ಆಮೇಲೆ ತಾನಾಗಿ ನಿಂತಿತು. ಬೈರಮ್ಮ ಗಂಜಿ ಕುಡಿದು ಗೋಡೆಗೊರಗಿ ಕೂತಳು.

“ಗಾಡಿ ಕಟ್ಟು ಬಾವ,” ಎಂದ ಚೆನ್ನಕೇಶವ. “ವಾಂತಿ ನಿಂತ್ರೂ ನಂಬಬಾರ್ದಂತೆ.”

“ಯಾರಂದಿದ್ದು?” ಎಂದ ಅವಳ ಗಂಡ ಅಂಜನಪ್ಪ.

“ಇನ್‌ಸ್ಪೆಟ್ರು.”

ಅಂಜನಪ್ಪ ಕಿಸಕ್ಕೆಂದ. “ನಿನ್ ಬಾಯಿಗಿಷ್ಟು! ಎದ್ದು ಕುಂತವ್ಳಲ್ಲೋ, ಕಣ್ ಕಾಣಾಕಿಲ್ವಾ?”

“ಒಂದ್ಸಲ ಮಾಡು ಕಣ್ಲಾ,” ಎಂದಳು ಬೈರಮ್ಮ, ಸೋತ ದನಿಯಲ್ಲಿ. “ಆ ‘ಕೂಡಾದು’ ಅಂತೀಯಲ್ಲ, ಅದು.”

ಅವನು ಉಳಿದ ಗಂಜಿಯನ್ನು ಅವಳ ಕಡೆ ಸರಿಸಿದ.

ಮುಂದಿನ ಬೆಳಗಿಗೆ ಅವಳ ಕಣ್ಣು ಅರಿಸಿನವಾಗಿತ್ತು. ಅಂಜನಪ್ಪ ಓಡಿ ಹೋಗಿ ಗಾಡಿ ಕಟ್ಟಿದ. ಹೊಸೂರಿನ ಆಸ್ಪತ್ರೆ ತಲುಪಲಿಲ್ಲ; ದಾರಿಯ ಮತ್ತಿಗಿರಿಯಿಂದಲೇ ಗಾಡಿ ಹಿಂದಕ್ಕೆ ತಿರುಗಿತು.

ಹೆಣ ಅಂಗಳದಲ್ಲಿರುವಾಗಲೇ ಇನ್ಸ್‌ಪೆಕ್ಟರು ಬಂದರು. ಟೋಪಿ ತೆಗೆದು, ಅದನ್ನು ಹಿಚುಕುತ್ತ ನಿಂತರು. ಕಣ್ಣು ತುಂಬಿತ್ತು.

“ನಾನು ಅನ್ನೈಕ್ಕೇ, ಅವತ್ತೇ ಹೇಳಿದೆನಲ್ಲಪ್ಪಾ... ತಿನ್ನಕೂಡಾದು ಅಂತ...”

ಗುಂಪಿನ ಹಿಂದೆ ಯಾರೋ ಕಿಸಕ್ಕೆಂದರು. ತಡೆದುಕೊಳ್ಳಲು ಕೆಮ್ಮಿದರು. ಕೆಮ್ಮು ಇನ್ನೊಬ್ಬರಿಗೆ ಅಂಟಿತು.

ಚೆನ್ನಕೇಶವ ತಿರುಗಿ ನೋಡಲಿಲ್ಲ. ಯಾರಾದರೇನು, ನಗಲು ಕಲಿಸಿದವನು ಅಕ್ಕನ ಕಾಲ ಬಳಿಯೇ ಕೂತಿದ್ದ.