ಕರೆವ್ವನ ನಿದ್ದೆ

ಮೇಡ್ಲೇರಿಯ ಕರೆವ್ವ ಶಾಲೆಯ ಕಟ್ಟೆ ಹತ್ತಿದವಳಲ್ಲ. ಆದರೆ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಹಾಸಿಗೆ ಹಿಡಿದ ಮೇಲೆ, ಅವಳಿಗೆ ದಿನಕ್ಕೆ ಹತ್ತಿಪ್ಪತ್ತು ಪರೀಕ್ಷೆಗಳು ಶುರುವಾದವು. ಪ್ರಶ್ನೆ ಮಾತ್ರ ಒಂದೇ.

"ನಾ ಯಾರು? ಗುರ್ತು ಹಿಡಿ ನೋಡೂಣು!"

ಹೊಟ್ಟೆಯ ಕ್ಯಾನ್ಸರ್ ಕೈಮೀರಿತ್ತು. ರಾಣೆಬೆನ್ನೂರಿನ ಡಾಕ್ಟರು ನೋವಿನ ಗುಳಿಗೆ ಬರೆದುಕೊಟ್ಟು ಸೊಸೆ ನಿರ್ಮಲಾಳಿಗೆ ಒತ್ತಿ ಹೇಳಿದ್ದರು: "ಗುಳಿಗಿ ತಗೊಂಡ ಮ್ಯಾಲೆ ಎರಡು ಮೂರು ತಾಸು ಆರಾಮ ಮಲಗ್ತಾರ. ಎಬ್ಬಸಬ್ಯಾಡ್ರಿ." ಕರೆವ್ವನೂ ಅದನ್ನೇ ಬೇಡಿಕೊಂಡಿದ್ದಳು. "ಸಾಯಾಕ ಅಂಜಿಕಿಲ್ಲವ್ವಾ ನಿರ್ಮಲಾ, ಕಣ್ತುಂಬ ನಿದ್ದಿ ಒಂದು ಕೊಡು."

ಕೊಡಲು ಬಿಡಬೇಕಲ್ಲ ನಮ್ಮ ಪದ್ಧತಿ! ಹಾಸಿಗೆ ಹಿಡಿದವರನ್ನು ಬಳಗದವರೆಲ್ಲ ಮಾತಾಡಿಸಿ ಬರಬೇಕು. ಮಲಗಿದವರನ್ನು ನೋಡಿ ಸುಮ್ಮನೆ ಹೋದರೆ ಬಂದದ್ದು ಜಮಾ ಆಗುವುದಿಲ್ಲ. ಭುಜ ಅಲುಗಾಡಿಸಿ, ಕಿವಿಯಲ್ಲಿ ಕೂಗಿ, ತಮ್ಮ ಹೆಸರು ಹೇಳಿಸಿಕೊಂಡ ಮೇಲೆಯೇ ಚಹಾ. ಹೆಸರು ಬಂದರೆ ಊರೆಲ್ಲ ಡಂಗುರ, ಬರದಿದ್ದರೆ ಅಲ್ಲೇ ಗೋಳು. ಓದುಗರೇ, ನಾವು ನೀವೂ ಈ ಪಾಪ ಮಾಡಿದವರೇ.

ಓಣಿಯ ಉಚ್ಚಂಗೆವ್ವ ಬಂದು ಎಬ್ಬಿಸಿದಾಗ ಕರೆವ್ವ, "ನೀ ಗುಡ್ಡವ್ವ" ಎಂದಳು. ಗುಡ್ಡವ್ವ ಉಚ್ಚಂಗೆವ್ವನ ಹಗೆ. ಬಂದವಳು ಮುಖ ಊದಿಸಿಕೊಂಡು ಹೋದ ಮೇಲೆ ಕರೆವ್ವ ಸೊಸೆಗೆ ಹೇಳಿದಳು: "ಗೊತ್ತೈತಿ ಬಿಡ. ಸರಿ ಹೇಳಿದ್ರ ಕುಂತು ಬಿಡ್ತಾಳ." ಆದರೆ ಮರುದಿನ ಉಚ್ಚಂಗೆವ್ವ ಮತ್ತೆ ಹಾಜರ್! ಸರಿ ಉತ್ತರ ಬರುವತನಕ ಬಿಡುವ ಹೆಂಗಸಲ್ಲ ಅದು. ನಿರ್ಮಲಾ ನಕ್ಕಳು, ಅಡುಗೆಮನೆಗೆ ಹೋಗಿ ಅತ್ತಳು.

ಶುಕ್ರವಾರ ಐರಣಿಯಿಂದ ಟೆಂಪೋ ಬಂತು. ಕರೆವ್ವನ ತಮ್ಮ ಶಂಭುಲಿಂಗ, ಜೊತೆಗೆ ಹದಿಮೂರು ಮಂದಿ. ಬೆಳಗಿನಿಂದ ನೋವಿನಲ್ಲಿ ಒದ್ದಾಡಿದ್ದ ಕರೆವ್ವನಿಗೆ ಆಗಷ್ಟೇ ಕಣ್ಣು ಹತ್ತಿತ್ತು. ನಿರ್ಮಲಾಳ ಗಂಡ ಶಶಿಕಾಂತ ಟೆಂಪೋದ ಟೈರು ನೋಡುವ ನೆಪ ಹೂಡಿ ಹೊರಗೇ ಉಳಿದ. ಇಪ್ಪತ್ತು ವರ್ಷ ಈ ಮಾವನ ಎದುರು ತಲೆಯ ಮೇಲಿನ ಸೆರಗು ಜಾರಿಸದ ನಿರ್ಮಲಾ ಬಾಗಿಲಿಗೆ ಅಡ್ಡ ನಿಂತಳು.

"ಬರ್ರಿ ಮಾವಾರ, ಕುಂದ್ರಿ. ಆದ್ರ ಎಬ್ಬಸಾಕ ಬಿಡಂಗಿಲ್ರಿ."

"ಎಬ್ಬಸಲಾರ್ದ ನನ್ನ ಗುರ್ತು ಹೆಂಗ ಹಿಡೀತಾಳವ್ವಾ?"

"ನೀವ ಅವರ ಗುರ್ತು ಹಿಡೀರಿ. ನಿಮ್ಮಕ್ಕಗ ಈಗ ಏನು ಬೇಕಾಗೇತಿ, ಹೇಳ್ರಿ ನೋಡೂಣು."

ಶಂಭುಲಿಂಗ ಮೀಸೆ ತಿರುವಿದ. "ಎಳನೀರು?"

"ಅಲ್ರಿ."

"ಹುಬ್ಬಳ್ಳಿ ದೊಡ್ಡ ದವಾಖಾನಿ!" ಎಂದಿತು ಹಿಂದಿನಿಂದ ಒಂದು ದನಿ. "ಕ್ವಾಣದ ಹಾಂಗ ಒದರಬ್ಯಾಡೋ" ಎಂದಿತು ಇನ್ನೊಂದು. ಗ್ಲೂಕೋಸು, ಗುಡಿಯ ಅಂಗಾರ, ಬಾಳೆಹಣ್ಣು ಎಲ್ಲ ಬಂದವು. ಹದಿನಾಲ್ಕು ಮಂದಿಯೂ ನಪಾಸು.

ನಿರ್ಮಲಾ ತಾನೇ ಉತ್ತರ ಹೇಳಿದಳು: "ನಿದ್ದಿ ಬೇಕಾಗೇತ್ರಿ ಮಾವಾರ. ಹದಿನೈದು ದಿನದಿಂದ ಕೈ ಮುಗದು ಕೇಳಾಕತ್ತಾರ."

"ಮಾತಾಡ್ಸಲಾರ್ದ ಹೋದ್ರ ಮಂದಿ ಏನಂದಾರು?"

"ಸೊಸಿ ಕೆಟ್ಟಾಕಿ, ಬಿಡ್ಲಿಲ್ಲ ಅನ್ರಿ."

ಟೆಂಪೋ ಸಿಟ್ಟಿನಿಂದಲೇ ತಿರುಗಿತು. ಶಂಭುಲಿಂಗ ಮಾತ್ರ ಚಪ್ಪಲಿ ಬಿಟ್ಟು ಒಳಗೆ ಬಂದು, ಅಕ್ಕನ ಕಾಲ ಬಳಿ ತುಟಿ ಹೊಲಿದುಕೊಂಡು ಕುಳಿತ. ಮೂರು ತಾಸಿನ ಮೇಲೆ ಕರೆವ್ವ ತಾನಾಗಿ ಕಣ್ಣು ಬಿಟ್ಟಳು.

"ಶಂಭ್ಯಾ, ಯಾವಾಗ ಬಂದ್ಯೋ? ಎಬ್ಬಸಬಾರ್ದೇನು?"

ಅವನು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ. ಊರಿಗೆ ಹೋಗಲಿಲ್ಲ, ಬಡಿಗೆ ಹಿಡಿದು ಕೋಣೆಯ ಹೊಸ್ತಿಲ ಮೇಲೆ ಠಿಕಾಣಿ ಹೂಡಿದ. ಬಂದವರಿಗೆಲ್ಲ ಹೊರಗೇ ಚಹಾ.

ಅವನು ಬಂದ ಒಂಬತ್ತನೆಯ ದಿನ ಮಧ್ಯಾಹ್ನ ಕರೆವ್ವ ನಿದ್ದೆಯಲ್ಲೇ ಹೋದಳು. ಆಗಲೂ ಶಂಭುಲಿಂಗ ಹೊಸ್ತಿಲ ಮೇಲೆ ಕುಳಿತು, ಬಂದವರನ್ನು "ಮೆಲ್ಲಕ ಮಾತಾಡ್ರಿ, ಮಲಗ್ಯಾಳ" ಎಂದು ಗದರಿಸುತ್ತಿದ್ದ.