ದಪ್ಪ ಸೊನ್ನೆ

"ಸರಿಯಾದ ಉತ್ತರಾನ ಯಾರಾದ್ರೂ ತಾವಾಗೇ ಹೊಡೆದು ಹಾಕ್ತಾರೇನೇ?"

ರಸಾಯನಶಾಸ್ತ್ರದ ಟೀಚರ್ ಉತ್ತರಪತ್ರಿಕೆಯನ್ನು ಹುಡುಗಿಯ ಕಡೆಗೆ ತಿರುಗಿಸಿದರು.

ಪ್ರಶ್ನೆಯೇನೋ ಸುಲಭದ್ದೇ. ಕ್ಲೋರಿನ್‌ಗೆ ಎರಡು ಐಸೊಟೋಪು; ನೂರು ಪರಮಾಣುಗಳಲ್ಲಿ ಎಪ್ಪತ್ತೈದರ ರಾಶಿ 35, ಉಳಿದ ಇಪ್ಪತ್ತೈದರದು 37. ಸಾಪೇಕ್ಷ ಪರಮಾಣು ರಾಶಿ ಎಷ್ಟು? ಹುಡುಗಿ ಗುಣಿಸಿ, ಕೂಡಿ, ಭಾಗಿಸಿ 35.5 ಎಂದು ಬರೆದಿದ್ದಳು. ಆಮೇಲೆ ಅದಕ್ಕೆ ಗೆರೆ ಎಳೆದು ಪಕ್ಕದಲ್ಲಿ 35.45 ಎಂದು ಗೀಚಿದ್ದಳು. ಆ ಸಂಖ್ಯೆ ಈ ಲೆಕ್ಕದಿಂದ ಹುಟ್ಟುವುದೇ ಇಲ್ಲ. ಅದು ಪ್ರಯೋಗಾಲಯದ ಗೋಡೆಗೆ ಬಣ್ಣದಲ್ಲಿ ಬರೆಸಿದ ಆವರ್ತಕ ಕೋಷ್ಟಕದ್ದು. ಪರೀಕ್ಷೆಗೆಂದು ಅದರ ಮೇಲೆ ಹಳೆಯ ಪೇಪರು ಅಂಟಿಸಿ ಮುಚ್ಚಿದವರು ಟೀಚರೇ, ಇನ್ನೂ ತೆಗೆದಿರಲಿಲ್ಲ.

ಈ ಶಾಲೆಗೆ ಬಂದ ಆರೇ ತಿಂಗಳಲ್ಲಿ ಮಕ್ಕಳು ಅವರಿಗೆ ತಕ್ಕಡಿ ಎಂದು ಹೆಸರಿಟ್ಟಿದ್ದರು. ಗುಲಗಂಜಿಯಷ್ಟು ಹೆಚ್ಚುಕಡಿಮೆಯಾದರೂ ಬಿಡುವ ಹೆಂಗಸಲ್ಲ. ಜಡೆಯ ರಿಬ್ಬನ್ನಿನಿಂದಲೂ ಚೀಟಿ ಹೊರತೆಗೆದವರು. ನಕಲಿನ ವರದಿ ಆಗಲೇ ಅರ್ಧ ಬರೆದಾಗಿತ್ತು. ಅದು ಹೆಡ್‌ಮಾಸ್ತರರ ಕೈ ಸೇರಿದರೆ ಹುಡುಗಿಗೆ ಈ ವರ್ಷ ಅಂತಿಮ ಪರೀಕ್ಷೆ ಇಲ್ಲ.

"ಚೀಟಿ ಎಲ್ಲಿಟ್ಟಿದ್ದೆ?"

"ಚೀಟಿ ಇರ್ಲಿಲ್ಲ ಮೇಡಂ. ಕೋಷ್ಟಕ ನಂಗೆ ಬಾಯಿಪಾಠ. ಗೋಡೆ ಮೇಲೆ ಅದನ್ನ ಬರೆದಿದ್ದು ನಮ್ಮಪ್ಪ. ನಾನು ಪುಸ್ತಕ ನೋಡಿ ಓದ್ತಿದ್ದೆ, ಅವರು ಬರೀತಿದ್ರು."

ಕಾಗೆ ಹಾರಿಸುತ್ತಿದ್ದಾಳೆ ಎಂದುಕೊಂಡರು ಟೀಚರ್. ಎದ್ದು ಗೋಡೆಯ ಬಳಿ ಹೋಗಿ ಪೇಪರಿನ ಅಂಚು ಎತ್ತಿದರು. "ತಾಮ್ರ?"

"63.55."

"ಬೆಳ್ಳಿ?"

"107.87."

ಎರಡೂ ಸರಿ. ಆದರೂ ಅನುಮಾನ ಎದ್ದು ಹೋಗಲಿಲ್ಲ, ಬರೀ ಮಗ್ಗುಲು ಬದಲಿಸಿತು. "ಹಾಗಾದ್ರೆ ಲೆಕ್ಕ ಪಕ್ಕದವಳದ್ದು. ನಿಂದೇ ಆಗಿದ್ರೆ ಯಾಕೆ ಹೊಡೆದೆ?"

ಹುಡುಗಿ ತಾನು ಹೊಡೆದು ಹಾಕಿದ 35.5ರ ಮೇಲೆ ಬೆರಳಿಟ್ಟಳು.

"ಅಪ್ಪಂಗೆ ಈಗ ಕೈ ನಡುಗುತ್ತೆ ಮೇಡಂ. ತಪ್ಪು ಬರೀತಾನೆ ಅಂತ ಅಂಗಡಿಯವರು ಬೋರ್ಡು ಬರೆಯೋಕೆ ಕೊಡೋದೇ ಬಿಟ್ರು. ಅವರು ಬರೆದಿದ್ದರಲ್ಲಿ ಇದೇ ಕೊನೇದು. ನಂಗೆ ಬೇರೆ ಉತ್ತರ ಬಂತು. ಅಪ್ಪ ಬರೆದಿದ್ದು ತಪ್ಪಿರಲ್ಲ, ನನ್ನ ಲೆಕ್ಕಾನೇ ತಪ್ಪಿರ್ಬೇಕು ಅಂದ್ಕೊಂಡೆ." ಮೂಗು ಒರೆಸಿಕೊಂಡಳು. "ಪೊಟ್ಯಾಸಿಯಂದು ಕೊನೇ ಸೊನ್ನೆ ಮಾತ್ರ ದಪ್ಪ ಆಗಿದೆ. ಅದೂ ನನ್ನಿಂದಾನೇ. ಒಂಬತ್ತು ಅಂತ ಓದ್ಬಿಟ್ಟಿದ್ದೆ, ಅವರು ತಿದ್ದಿದ್ರು."

ಟೀಚರ್ ಎಡಗಡೆಯ ಪೇಪರು ಸರಿಸಿದರು. 39.10. ಕೊನೆಯ ಸೊನ್ನೆ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಬಿಳಿ ಬಣ್ಣದಡಿಯಲ್ಲಿ ಒಂಬತ್ತರ ಬಾಲ ಮಸುಕಾಗಿ ಕಾಣುತ್ತಿತ್ತು. ಅವರಿಗೆ ನಾಚಿಕೆಯಾಯಿತು.

"ನಿನ್ನ ಲೆಕ್ಕ ಸರಿ ಇದೆ ಕಣೇ," ಎಂದರು. "ನಿಜವಾಗಿ ನೂರರಲ್ಲಿ ಎಪ್ಪತ್ತೈದಲ್ಲ, 75.77. ಆ 35, 37 ಕೂಡ ಪೂರ್ತಿ ಅಷ್ಟಿಲ್ಲ, ಚೂರು ಕಮ್ಮಿ. ನಿಮಗೆ ಸುಲಭ ಆಗ್ಲಿ ಅಂತ ನಾನೇ ಬಾಲ ಕತ್ತರಿಸಿದ್ದೆ."

ಹುಡುಗಿ ಪರೀಕ್ಷೆಯ ಮಾತೇ ಎತ್ತಲಿಲ್ಲ.

"ಅಂದ್ರೆ ಅಪ್ಪ ಬರೆದಿದ್ದು ತಪ್ಪಲ್ಲ ಅಲ್ವಾ ಮೇಡಂ?"

"ತಪ್ಪಲ್ಲ."

ಟೀಚರ್ ವರದಿಯನ್ನು ಎರಡಾಗಿ ಹರಿದು ಮೇಜಿನ ಮೇಲಿಟ್ಟರು. ಮತ್ತೆ ಗೋಡೆಯ ಬಳಿ ಹೋಗಿ, ಬಣ್ಣ ಕಿತ್ತು ಬಾರದ ಹಾಗೆ, ಅಂಟಿಸಿದ್ದ ಪೇಪರನ್ನು ಉಗುರಿನಿಂದ ಒಂದೊಂದೇ ಮೂಲೆ ಬಿಡಿಸತೊಡಗಿದರು.