ಮುನೇಶನ ಮೂರು ದಿನದ ರಜೆ

ಬೆಂಗಳೂರಿನ ಒಂದು ಮಾಲಿನ ಬಾಗಿಲಲ್ಲಿ ನಿಂತು, ಒಳಗೆ ಬರುವವರ ಮೈಮೇಲೆಲ್ಲ ಮೆಟಲ್ ಡಿಟೆಕ್ಟರ್ ಆಡಿಸುವುದು ಮುನೇಶನ ಕೆಲಸ. ದಿನಕ್ಕೆ ಸಾವಿರ ಜನರ ಬೆಲ್ಟಿನ ಬಕಲ್ಲು, ಜೇಬಿನ ಬೀಗದ ಕೈ ಅವನ ಮುಂದೆ ಕುಂಯ್ ಅಂದೇ ಒಳಗೆ ಹೋಗಬೇಕು. ಅಂಥವನಿಗೆ ತನ್ನದೇ ಹೊಲದಲ್ಲಿ ಬಿದ್ದ ಅಮ್ಮನ ತಾಳಿ ಹುಡುಕಲು ಒಂಬತ್ತು ತಿಂಗಳಿಂದ ಪುರುಸೊತ್ತಿಲ್ಲ ಅಂದರೆ ಯಾರು ನಂಬುತ್ತಾರೆ? ನಂಬದಿದ್ದರೆ ಬಿಡಿ. ಬಂಗಾರಪೇಟೆಯಲ್ಲಿ ಅವನ ಜೊತೆ ದಿನಾ ಬೆಳಗಿನ ಜಾವದ ರೈಲು ಹತ್ತುವವರಿಗೆ ಗೊತ್ತು.

ತಾಳಿ ಬಿದ್ದದ್ದು ಹೋದ ವರ್ಷ, ರಾಗಿ ಹೊಲದಲ್ಲಿ ಕಳೆ ಕೀಳುವಾಗ. ಅಮ್ಮ ಚಿಕ್ಕವೆಂಕಟಮ್ಮ ಸಂಜೆ ಕೈಕಾಲು ತೊಳೆಯುತ್ತ ಕತ್ತು ಮುಟ್ಟಿಕೊಂಡರೆ ಬರೀ ಕತ್ತು. ಗಂಡನಿಗೆ ಅವಳು ಹೇಳಲಿಲ್ಲ. ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದ ಮುನಿಸ್ವಾಮಪ್ಪನಿಗೆ ಈಗ ಎಪ್ಪತ್ತು. ಎದೆ ಗೊರಗೊರ ಅನ್ನುತ್ತದೆ, ನಾಲ್ಕು ಹೆಜ್ಜೆ ಬಿರುಸಾಗಿ ಇಟ್ಟರೆ ಕೂತುಬಿಡುತ್ತಾನೆ. ಕಳೆದ ತಾಳಿಗೂ ಅವನ ಉಸಿರಿಗೂ ಅವಳ ಮನಸ್ಸಿನಲ್ಲಿ ಗಂಟು ಬಿದ್ದುಹೋಯಿತು. ಹೊಸ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡು, ಸೆರಗು ಎಳೆದು ಮುಚ್ಚಿ, ಮಗನನ್ನು ಕೊಟ್ಟಿಗೆ ಹಿಂದಕ್ಕೆ ಕರೆದಳು.

"ನಿಮ್ಮಪ್ಪಂಗೆ ಗೊತ್ತಾಗ್ಬಾರ್ದು ಕಣಪ್ಪ. ಅದು ಸಿಗೋ ಗಂಟ ಆ ಮನುಸನ್ ಉಸುರು ನಂಗೆ ನಂಬ್ಕೆ ಇಲ್ಲ."

ಮುನೇಶ ಉದ್ದ ಕೋಲಿನ, ತುದಿಯಲ್ಲಿ ತಟ್ಟೆಯಿರುವ ಮೆಷೀನನ್ನು ಆನ್‌ಲೈನಿನಲ್ಲಿ ತರಿಸಿದ. ಸಣ್ಣ ವಸ್ತುವಾದರೆ ಒಂದು ಗೇಣು ಆಳದವರೆಗೆ ಹಿಡಿಯುತ್ತದಂತೆ. ಆದರೆ ಆ ತಟ್ಟೆಯನ್ನು ಇಡುವುದೆಲ್ಲಿ? ಮೊದಲು ರಾಗಿ ನಿಂತಿತ್ತು. ರಾಗಿ ಕೊಯ್ದರೆ ಸಾಲಿನಲ್ಲಿ ಅವರೆ, ತೊಗರಿ. ಅವೂ ಮುಗಿಯುವಷ್ಟರಲ್ಲಿ ಸಂಕ್ರಾಂತಿ. ಹೊಲಕ್ಕೆ ಬಿಡುವಾದಾಗ ಇವನಿಗಿಲ್ಲ. ಭಾನುವಾರ ಮಾಲಿಗೆ ಜನ ನುಗ್ಗುವ ದಿನ, ರಜೆಯ ಮಾತೆತ್ತಿದರೆ ಸೂಪರ್‌ವೈಸರ್ ಮುಖ ಗಂಟು ಹಾಕುತ್ತಾನೆ. ಮಂಗಳವಾರ ಸಿಕ್ಕಿದರೆ ಅವತ್ತೇ ಅಪ್ಪ ಹಸು ಹೊಡೆದುಕೊಂಡು ಹೋಗಿ ಹೊಂಗೆ ಮರದಡಿ ಸಂಜೆವರೆಗೆ ಕೂತಿರುತ್ತಾನೆ. ಒಂದೇ ಒಂದು ಸಲ ಅರ್ಧ ಗಂಟೆ ಸಿಕ್ಕಿತ್ತು. ಅಷ್ಟಕ್ಕೇ ಪಕ್ಕದ ಹೊಲದ ಮುನಿಗಂಗಮ್ಮ, "ಏನ್ ಮುನೇಶ, ನಿಧಿ ಸಿಕ್ತಾ? ನಮ್ಗೂ ಒಂಚೂರು ಕೊಡಪ್ಪ" ಅಂದಳು. ಸಿಕ್ಕಿದ್ದು ಎತ್ತಿನ ಲಾಳದ ಮೊಳೆ ಹನ್ನೊಂದು. ಚಿನ್ನದ ಸೀಮೆ ಅಂತ ಹೆಸರು ಬೇರೆ!

ಮೇ ತಿಂಗಳಲ್ಲಿ ಕೊನೆಗೂ ದಾರಿ ಕಂಡಿತು. ಕುಪ್ಪಂನಲ್ಲಿ ಅಪ್ಪನ ತಂಗಿಯ ಮನೆ ಮದುವೆ, ಅಪ್ಪ ಮೂರು ದಿನ ಅಲ್ಲೇ. ಮುನೇಶ ಸೂಪರ್‌ವೈಸರನ ಕೈಕಾಲು ಹಿಡಿದು ಅದೇ ಮೂರು ದಿನ ರಜೆ ಬರೆಸಿಕೊಂಡ. ಬದಲಿಗೆ ಹಿಂದಿನ ವಾರವೆಲ್ಲ ಎರಡೆರಡು ಪಾಳಿ ಮಾಡಿ ಮಾಲಿನಲ್ಲೇ ಮಲಗಿದ. ಡ್ಯೂಟಿಯಲ್ಲಿ ಫೋನು ಲಾಕರಿನಲ್ಲಿಡಬೇಕು; ಕೊನೆಯ ಮೂರು ದಿನ ಅದನ್ನು ತೆಗೆಯಲೂ ಪುರುಸೊತ್ತಾಗಲಿಲ್ಲ. ಕೊನೆಯ ಪಾಳಿ ಮುಗಿದ ಬೆಳಿಗ್ಗೆ ತೆಗೆದು ನೋಡಿದರೆ ಅಮ್ಮನ ಒಂಬತ್ತು ಕರೆ. ಅಪ್ಪನಿಗೇನಾಯಿತೋ ಎಂದು ತಿರುಗಿ ಮಾಡಿದ.

"ಅಪ್ಪ ಚೆನ್ನಾಗವ್ರೆ. ನೀನ್ ಬಾ" ಅಂದಳು. ಹಿಂದುಗಡೆ ಅಪ್ಪನ ದನಿ ಕೇಳುತ್ತಿತ್ತು.

ಮಧ್ಯಾಹ್ನ ಮನೆ ಮುಟ್ಟುವಾಗ ಮುನಿಸ್ವಾಮಪ್ಪ ಮದುವೆಗೆ ಹೊರಡಲು ಹೊಸ ಪಂಚೆ ಉಟ್ಟು ಬಾಗಿಲಲ್ಲೇ ಕಾಯುತ್ತಿದ್ದ. ಚೀಲ ಇಳಿಸಲೂ ಬಿಡದೆ, "ಬಾರ್ಲಾ, ಒಲ ನೋಡ್ಬಾ" ಎಂದು ಮುಂದೆ ನಡೆದ. ಹಿಂದೆ ಅಮ್ಮ, ಪೂಜೆ ತಟ್ಟೆ ಹಿಡಿದು, ತಲೆ ತಗ್ಗಿಸಿ.

ಹೊಲ ಗುರುತೇ ಸಿಗಲಿಲ್ಲ. ಕೆಂಪು ನೆಲದ ಹತ್ತು ಗುಂಟೆಯೂ ಕಪ್ಪಗೆ ಉಬ್ಬಿ ನಿಂತಿತ್ತು. ಊರ ಕೆರೆಯ ಹೂಳೆತ್ತುತ್ತಿದ್ದರಲ್ಲ, ಆ ಗೋಡುಮಣ್ಣನ್ನು ಅಪ್ಪ ಟ್ರಾಕ್ಟರಿನಲ್ಲಿ ಹೊಡೆಸಿ ಒಂದೂವರೆ ಗೇಣು ದಪ್ಪ ಹರಡಿಸಿದ್ದ.

"ನೂರಾ ಇಪ್ಪತ್ತು ಲೋಡು ಕಣ್ಲಾ! ನಾನಿರಾಗ್ಲೇ ಮಾಡ್ಸ್ಬಿಡಣ ಅಂತ. ಇನ್ನು ನಿನ್ ಮಕ್ಳ ಕಾಲಕ್ಕೂ ಈ ಒಲ ಕೈ ಬಿಡಲ್ಲ."

ಮುನೇಶ ಅಮ್ಮನ ಪಕ್ಕಕ್ಕೆ ಸರಿದು, "ಬ್ಯಾಡ ಅನ್ಬಾರ್ದಿತ್ತಾ?" ಎಂದು ಪಿಸುಗುಟ್ಟಿದ.

"ಯಾಕೆ ಬ್ಯಾಡ ಅಂತ ಕೇಳಿದ್ರೆ ಏನೇಳ್ಲಿ? ಮೂರು ದಿನ ಬದುವಿನ್ ಮೇಲೆ ನಿಂತು ಟ್ರಾಕ್ಟರ್‌ನೋರಿಗೆ ಟೀ ಕೊಟ್ಟೆ ಕಣಪ್ಪ."

ಮುನೇಶನಿಗೆ ಅಳು ಬಂತು, ಸಿಟ್ಟೂ ಬಂತು. ಮೊದಲ ದಿನವೇ ಹೇಳಿದ್ದರೆ ಅಪ್ಪ ಒಂದು ಗಂಟೆ ಕೂಗಾಡಿ, ಆಮೇಲೆ ತಾನೇ ಜರಡಿ ಹಿಡಿದು ಕೂರುತ್ತಿದ್ದ. ಯಾರ ಜೀವಕ್ಕೆ ಹೆದರಿ ಮುಚ್ಚಿಟ್ಟರೋ ಅವನ ಕೈಯಿಂದಲೇ ಮಣ್ಣು ಹಾಕಿಸಿದಂತಾಯಿತು. ಈಗ ಹೇಳಿದರೆ ಆ ಮುಖದ ಸಂತೋಷ ಏನಾಗಬೇಕು?

"ಇವ್ಳೇ, ಪೂಜೆ ಮಾಡು ಬಾ. ಮುತ್ತೈದೆ ಕೈನಾಗೆ ಆಗ್ಬೇಕು" ಅಂದ ಅಪ್ಪ.

ಚಿಕ್ಕವೆಂಕಟಮ್ಮ ಕಪ್ಪು ಮಣ್ಣಿನಲ್ಲಿ ಮಂಡಿಯೂರಿ ಅರಿಶಿನ ಕುಂಕುಮ ಹಾಕಿ ಕಾಯಿ ಒಡೆದಳು. ಆಮೇಲೆ ಹಣೆಯನ್ನು ನೆಲಕ್ಕಿಟ್ಟವಳು ಏಳಲೇ ಇಲ್ಲ.

"ಸಾಕೇಳೇ, ಭೂಮ್ತಾಯಿ ಎಲ್ಗೂ ಓಗಲ್ಲ" ಎಂದು ಮುನಿಸ್ವಾಮಪ್ಪ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲದೆ ಬದುವಿನ ಮೇಲೆ ಕೂತುಬಿಟ್ಟ. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಅವಳ ಬೆರಳುಗಳು ಮಣ್ಣು ಕೆದಕತೊಡಗಿದವು. ಮುನೇಶ ಓಡಿಹೋಗಿ ಅವಳ ಎರಡೂ ಕೈ ಹಿಡಿದುಕೊಂಡ.

"ಬಿಡಪ್ಪ, ಇಲ್ಲೇ ಎಲ್ಲೋ ಅದೆ" ಅಂದಳು.